ಗರಿಯ ಮೇಲೊಂದು ಹಸಿವಿನ ಗೆರೆ

ಬಾಲಾನಗರದ ಲೇತ್ ಶೆಡ್ಡುಗಳ ಸಾಲಿನಲ್ಲಿ ಹೋಗುವಾಗ ಎಲ್ಲಾದರೂ ಕನ್ನಡ ಕಿವಿಗೆ ಬಿದ್ದರೆ ನಾನು ನಿಂತುಬಿಡುತ್ತೇನೆ. ಹೈದರಾಬಾದಿಗೆ ಬಂದ ಮೊದಲ ವರ್ಷದಿಂದ ಅಂಟಿಕೊಂಡ ಚಟ ಇದು. ಹಾಗೆ ನಿಂತು ಪರಿಚಯವಾದ ಹುಡುಗನೊಬ್ಬ ಗುರುಮಠಕಲ್ ಕಡೆಯವನು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಹಗಲು ಲೇತ್ ಮೇಲೆ ಕೆಲಸ, ರಾತ್ರಿ ಅದೇ ಶೆಡ್ಡಿನ ಅಟ್ಟದ ಮೇಲೆ ನಿದ್ದೆ. ಎರಡು ವರ್ಷದ ಹಿಂದೆ ಯುಗಾದಿ ಮುಗಿದ ವಾರ ಅವನದೊಂದು ಫೋನು ಬಂತು.

“ಸರ್, ನಿಮಗ ಹಕ್ಕಿ ಹುಚ್ಚು ಅದಂತಲ್ರಿ. ನಮ್ಮ ಶೆಡ್ಡಿನಾಗ ಒಂದ್ ಹದ್ದಿನ ಮರಿ ಅದ. ರೆಕ್ಕಿ ಎಲ್ಲಾ ಬಂದಾವ, ಆದ್ರ ಹಾರವಲ್ದು. ಬಂದು ನೋಡ್ತೀರೇನ್ರಿ?”

ಹೋಗಿ ನೋಡಿದೆ. ಶೆಡ್ಡಿನ ಹಿಂದೆ, ಕಬ್ಬಿಣದ ಚೂರುಗಳ ರಾಶಿಯ ಪಕ್ಕ, ಒಂದು ಕೋಳಿ ಗೂಡು. ಅದರೊಳಗೆ ನಮ್ಮ ಊರು-ಕೇರಿಗಳ ಮೇಲೆ ದಿನವೂ ಸುತ್ತುವ ಅದೇ ಕಂದು ಹದ್ದಿನ ಮರಿ. ಕಣ್ಣು ಚುರುಕಾಗಿತ್ತು, ಮೈ ತುಂಬಿಕೊಂಡಿತ್ತು. ಆದರೆ ಬಾಲ ಅರ್ಧಕ್ಕೇ ನಿಂತಿತ್ತು, ಯಾರೋ ಕತ್ತರಿ ಹಿಡಿದು ಒಂದೇ ನೇರಕ್ಕೆ ಕತ್ತರಿಸಿದ ಹಾಗೆ. ರೆಕ್ಕೆಯ ತುದಿಗಳು ಹಳೆಯ ಪೊರಕೆಯಂತೆ ಸೀಳಿದ್ದವು.

ನಾನು ಹುಡುಗನ ಮುಖ ನೋಡಿದೆ. ಅವನಿಗೆ ಅರ್ಥವಾಯಿತು. “ಯಾರೂ ಕತ್ತರಿಸಿಲ್ರಿ ಸರ್. ತಾನೇ ಮುರೀತು. ದಿನಾ ಕೋಳಿ ಖಂಡ ಹಾಕೇನ್ರಿ, ನನ್ನ ರೊಕ್ಕದಾಗ. ನಾ ಏನ್ ತಪ್ಪ್ ಮಾಡೀನಿ?”

ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದೇ ಈ ಬರಹ.

ಒಂದೇ ನೇರದ ಗೆರೆ

ಬಾಲದಲ್ಲಿ ಮುರಿಯದೆ ಉಳಿದಿದ್ದ ಒಂದೆರಡು ಗರಿಗಳನ್ನು ಬೆಳಕಿಗೆ ಹಿಡಿದು ನೋಡಿದೆವು. ಗರಿಯ ಅಡ್ಡಕ್ಕೆ ಬ್ಲೇಡಿನಲ್ಲಿ ಎಳೆದಂತೆ ಒಂದು ತೆಳ್ಳನೆಯ ಗೆರೆ. ಆ ಗೆರೆಯಲ್ಲಿ ಬೆಳಕು ಹಾಯುತ್ತಿತ್ತು. ಎಲ್ಲ ಗರಿಗಳೂ ಮುರಿದದ್ದು ಅದೇ ಗೆರೆಯಲ್ಲಿ.

“ಮರಿ ಸಿಕ್ಕ ಹೊಸದರಲ್ಲಿ ಏನು ತಿನ್ನಿಸಿದೆ?” ಎಂದು ಕೇಳಿದೆ. ಹುಡುಗ ಲೆಕ್ಕ ಹಾಕಿ ಹೇಳಿದ. ಫೆಬ್ರವರಿ ಕೊನೆಯಲ್ಲಿ ಜೋರು ಗಾಳಿ ಬೀಸಿದ ದಿನ ಎದುರಿನ ಮರದಿಂದ ಬಿದ್ದಿತ್ತು. ಮೈತುಂಬ ತುಪ್ಪಳ, ಗರಿಗಳು ಆಗಷ್ಟೇ ಮೂಡುತ್ತಿದ್ದವು. ಮೊದಲ ನಾಲ್ಕು ದಿನ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಇಟ್ಟರು. ಅದು ಮುಟ್ಟಲಿಲ್ಲ. ಬಲವಂತವಾಗಿ ಬಾಯಿಗೆ ತುರುಕಿದರು, ಕಕ್ಕಿತು. ಐದನೆಯ ದಿನ ಕೋಳಿ ಅಂಗಡಿಯವನು ಬಂದು “ಅದಕ್ಕೆ ಮಾಂಸ ಹಾಕ್ರೋ” ಎಂದ ಮೇಲೆ ಅದು ತಿನ್ನಲು ಶುರುಮಾಡಿತು.

ಆ ನಾಲ್ಕು ದಿನಗಳೇ ಈ ಗೆರೆ.

ಗರಿ ನಮ್ಮ ಕೂದಲು, ಉಗುರುಗಳ ಹಾಗೆ ಕೆರಾಟಿನ್ ಎಂಬ ವಸ್ತುವಿನಿಂದ ಆದದ್ದು. ಬೆಳೆಯುವಾಗ ಮಾತ್ರ ಅದಕ್ಕೆ ಜೀವ. ಕೊಳವೆಯಂಥ ಹೊದಿಕೆಯೊಳಗೆ ರಕ್ತ ಹರಿಯುತ್ತದೆ, ಬುಡದಿಂದ ದಿನಕ್ಕೆ ಕೆಲವು ಮಿಲಿಮೀಟರಿನಷ್ಟು ಹೊಸ ಗರಿ ಹೊರಬರುತ್ತದೆ. ಬೆಳೆದು ಮುಗಿದ ಮೇಲೆ ರಕ್ತ ನಿಲ್ಲುತ್ತದೆ, ಗರಿ ನಿರ್ಜೀವವಾಗುತ್ತದೆ. ಆಮೇಲೆ ಅದನ್ನು ಹಕ್ಕಿ ಕೊಕ್ಕಿನಿಂದ ತೀಡಿಕೊಳ್ಳಬಹುದು, ಎಣ್ಣೆ ಸವರಿಕೊಳ್ಳಬಹುದು, ಆದರೆ ರಿಪೇರಿ ಮಾಡಿಕೊಳ್ಳಲಾರದು. ಬೆಳೆಯುವ ದಿನಗಳಲ್ಲಿ ಆಹಾರ ತಪ್ಪಿದರೆ, ಕಾಯಿಲೆ ಬಿದ್ದರೆ, ಭಯವಾದರೆ, ಅಂದು ಹೊರಬಂದ ಗರಿಯ ಭಾಗ ತೆಳುವಾಗಿ, ಸೊರಗಿ ಹುಟ್ಟುತ್ತದೆ. ಡೇಗೆ ಸಾಕುವವರು ಅದನ್ನು ನೂರಾರು ವರ್ಷಗಳಿಂದ ಬಲ್ಲರು. ಇಂಗ್ಲಿಷಿನಲ್ಲಿ ಅವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಹಸಿವಿನ ಗೆರೆ’ ಎಂದಾಗುತ್ತದೆ.

ದೊಡ್ಡ ಹಕ್ಕಿಗೂ ಮರಿಗೂ ಇಲ್ಲೊಂದು ವ್ಯತ್ಯಾಸವಿದೆ. ದೊಡ್ಡ ಹಕ್ಕಿ ಗರಿಗಳನ್ನು ಒಂದಾದ ಮೇಲೆ ಒಂದರಂತೆ ಉದುರಿಸಿ ಹೊಸದು ಬೆಳೆಸುತ್ತದೆ. ಒಂದು ವಾರ ಹಸಿದರೆ ಬೆಳೆಯುತ್ತಿದ್ದ ಒಂದೆರಡು ಗರಿಗಳಿಗಷ್ಟೇ ಗೆರೆ ಬೀಳುತ್ತದೆ. ಗೂಡಿನ ಮರಿಗೆ ಹಾಗಲ್ಲ. ಅದರ ಬಾಲದ 12 ಗರಿಗಳೂ ಒಟ್ಟೊಟ್ಟಿಗೆ ಬೆಳೆಯುತ್ತವೆ, ರೆಕ್ಕೆಯ ಗರಿಗಳದೂ ಅದೇ ಕಥೆ. ಹಾಗಾಗಿ ಗೆರೆ ಎಲ್ಲ ಗರಿಗಳ ಮೇಲೂ ಒಂದೇ ಮಟ್ಟದಲ್ಲಿ ಬೀಳುತ್ತದೆ. ಒಂದು ಗರಿ ಮುರಿದರೆ ಪಕ್ಕದ್ದಕ್ಕೆ ಆಸರೆ ತಪ್ಪಿ ಅದೂ ಮುರಿಯುತ್ತದೆ, ಹೀಗೆ ಸಾಲುಸಾಲು.

ಗೆರೆ ತಿಳಿಯಾಗಿದ್ದರೆ ಗರಿ ಮುರಿಯದೆ ಮುಂದಿನ ವರ್ಷದ ತನಕ ಸಾಗಿಸಿಬಿಡಬಹುದು. ಆಳವಾಗಿದ್ದರೆ ಮೊದಲ ಹಾರಾಟದಲ್ಲೇ ಹೋಯಿತು. ನಮ್ಮ ಮರಿಗೆ ಇನ್ನೊಂದು ಶತ್ರುವೂ ಇತ್ತು, ಕೋಳಿ ಗೂಡಿನ ತಂತಿ ಜಾಲರಿ. ಹದ್ದು ಬೆದರಿದಾಗ ಜಾಲರಿಗೆ ಎರಗುತ್ತದೆ, ರೆಕ್ಕೆ-ಬಾಲ ಅದರ ಕಣ್ಣುಗಳಲ್ಲಿ ಸಿಕ್ಕಿ ಸೀಳುತ್ತದೆ. ಬಲ್ಲವರು ಬೇಟೆ ಹಕ್ಕಿಗಳನ್ನು ಇಡುವ ಪಂಜರದ ಪಕ್ಕಗಳಿಗೆ ಜಾಲರಿ ಹಾಕುವುದಿಲ್ಲ. ನೆಟ್ಟಗೆ ನಿಲ್ಲಿಸಿದ ಬಿದಿರು ಅಥವಾ ಮರದ ಪಟ್ಟಿ, ಇಲ್ಲವೇ ಮುಚ್ಚಿದ ಗೋಡೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಹೆಬ್ಬೆರಳು ಚಾಚಿದ. ಉಗುರಿನ ಅಡ್ಡಕ್ಕೆ ಒಂದು ತಗ್ಗು ಗೆರೆ. “ಟೈಫಾಯ್ಡ್ ಆಗಿತ್ರಿ ದೀಪಾವಳಿ ಮುಂದ. ಊರಿಗಿ ಹೋಗ್ಲಿಕ್ಕ ರಜಾ ಸಿಗಲಿಲ್ಲ. ಇಲ್ಲೇ ಮ್ಯಾಲ ಮಲಗಿದ್ದೆ. ಇದೂ ಅದೇ ಏನ್ರಿ?”

ಅದೂ ಅದೇ. ಜೋರು ಜ್ವರ ಬಂದಾಗ ಉಗುರಿನ ಬೆಳವಣಿಗೆ ನಿಂತು ಮುಂದೆ ಸಾಗುತ್ತದೆ, ತಗ್ಗು ಉಳಿಯುತ್ತದೆ. ವೈದ್ಯರು ಅದಕ್ಕೆ ಬೋ ರೇಖೆ ಎನ್ನುತ್ತಾರೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಆರು ತಿಂಗಳಲ್ಲಿ ಆ ಗುರುತು ತುದಿ ಸೇರಿ ಕತ್ತರಿಸಿ ಹೋಗುತ್ತದೆ. ಹದ್ದಿನ ಮರಿ ಮುಂದಿನ ವರ್ಷ ಗರಿ ಉದುರುವ ತನಕ ಕಾಯಬೇಕು.

ದಿನಗಳನ್ನು ಎಣಿಸುವ ಗರಿ

ಒಳ್ಳೆಯ ಗರಿಯೊಂದನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಅದರ ಮೇಲೆ ಮಸುಕಾದ ಪಟ್ಟಿಗಳು ಕಾಣುತ್ತವೆ, ಒಂದು ತುಸು ಗಾಢ, ಒಂದು ತುಸು ತಿಳಿ. ಈ ಜೋಡಿ ಒಂದು ಹಗಲು-ರಾತ್ರಿಯ ಬೆಳವಣಿಗೆ. ಪಟ್ಟಿ ಅಗಲವಾಗಿದ್ದರೆ ಆ ದಿನ ಹೊಟ್ಟೆ ತುಂಬಿತ್ತು ಎಂದು ಅರ್ಥ, ಕಿರಿದಾಗಿದ್ದರೆ ಅರೆಹೊಟ್ಟೆ. ಈ ಓದಿಗೊಂದು ಶಾಸ್ತ್ರವೇ ಇದೆ. ಅಮೆರಿಕದ ಥಾಮಸ್ ಗ್ರಬ್ ಎಂಬ ಪಕ್ಷಿ ವಿಜ್ಞಾನಿ 1989ರಲ್ಲಿ ಅದಕ್ಕೆ ಹೆಸರಿಟ್ಟರು. ಮರದ ಕಾಂಡ ವರ್ಷಗಳನ್ನು ಬರೆದಿಡುತ್ತದೆ, ಗರಿ ದಿನಗಳನ್ನು.

ಇಂಥ ಸೂಕ್ಷ್ಮಗಳು ನಮ್ಮ ಹಿರಿಯರಿಗೆ ತೀರಾ ದೂರದವೇನಲ್ಲ. ಬಾಲಾನಗರದಿಂದ ಮುಂಬಯಿ ಹೆದ್ದಾರಿ ಹಿಡಿದರೆ ಮೂರು-ನಾಲ್ಕು ಗಂಟೆಯಲ್ಲಿ ಬಸವಕಲ್ಯಾಣ. ಅಲ್ಲಿಂದ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅಡುಗೆ, ಸಂಗೀತ, ಆನೆ, ಕುದುರೆಗಳ ಜೊತೆ ಅದರಲ್ಲಿ ಡೇಗೆಗಳನ್ನು ಬಿಟ್ಟು ಬೇಟೆಯಾಡುವ ಶ್ಯೇನವಿನೋದಕ್ಕೂ ಒಂದು ಅಧ್ಯಾಯವಿದೆ. ‘ಸಾಳುವ’ ಎಂಬ ಕನ್ನಡ ಪದದ ಅರ್ಥವೂ ಬೇಟೆಯ ಡೇಗೆ ಎಂದೇ. ವಿಜಯನಗರವನ್ನು ಆಳಿದ ಸಾಳುವ ನರಸಿಂಹನ ಮನೆತನದ ಹೆಸರಿನಲ್ಲಿ ಆ ಹಕ್ಕಿ ಇನ್ನೂ ಕೂತಿದೆ. ಡೇಗೆ, ಗಿಡುಗ, ಸಾಳುವ, ಹದ್ದು, ಗರುಡ, ರಣಹದ್ದು ಎಂದು ಒಂದೊಂದನ್ನೂ ಬೇರೆಯಾಗಿ ಕರೆದ ಜನ ನಾವು. ಈಗ ನಗರದ ನಮ್ಮ ಮಕ್ಕಳಿಗೆ ಎಲ್ಲವೂ ‘ಈಗಲ್’.

ಇಂದು ಡೇಗೆ ಸಾಕುವುದು ನಮ್ಮ ದೇಶದಲ್ಲಿ ಹವ್ಯಾಸವಾಗಿ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡು ಬೇಟೆ ಹಕ್ಕಿಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಕೋಳಿ ಗೂಡಿನಲ್ಲಿದ್ದ ನಮ್ಮ ಹದ್ದಿನ ಮರಿಗೂ ಇದು ಅನ್ವಯಿಸುತ್ತದೆ. ಹುಡುಗನಿಗೆ ಇದು ಗೊತ್ತಿರಲಿಲ್ಲ. ಹೇಳಿದ ಕೂಡಲೇ ಅವನ ಮುಖ ಬಿಳಿಚಿತು.

ರಣಹದ್ದಿನ ಮರಿಯ ಬೆಲೆ

ಒಂದು ಹದ್ದಿನ ಬಾಲ ಮುರಿದರೆ ಲೋಕವೇನೂ ಮುಳುಗುವುದಿಲ್ಲ. ನಗರದಲ್ಲಿ ಹದ್ದುಗಳಿಗೆ ಬರವಿಲ್ಲ. ಆದರೆ ಇದೇ ಗೆರೆ ರಣಹದ್ದಿನ ಮರಿಯ ಗರಿಯ ಮೇಲೆ ಬಿದ್ದರೆ ಲೆಕ್ಕವೇ ಬೇರೆ.

1992ರಿಂದ 2007ರ ನಡುವೆ ಭಾರತದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ಶೇಕಡ 99.9ರಷ್ಟು ಇಲ್ಲವಾದವು. ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಅದನ್ನು ಚುಚ್ಚಿಸಿಕೊಂಡ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೈಕೊಡುತ್ತದೆ. 2004ರಲ್ಲಿ ವಿಜ್ಞಾನಿಗಳು ಇದನ್ನು ಖಚಿತಪಡಿಸಿದರು, 2006ರಲ್ಲಿ ಭಾರತ ದನಗಳಿಗೆ ಅದರ ಬಳಕೆ ನಿಷೇಧಿಸಿತು. 2023ರಲ್ಲಿ ಅದೇ ದಾರಿಯ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ನಿಷೇಧದ ಪಟ್ಟಿಗೆ ಸೇರಿದವು.

ಉಳಿದ ಹಕ್ಕಿಗಳನ್ನು ಉಳಿಸಿ ಮರಿ ಮಾಡಿಸಲು ಹರಿಯಾಣದ ಪಿಂಜೋರ್‌ನಲ್ಲಿ ಅಲ್ಲಿನ ಅರಣ್ಯ ಇಲಾಖೆ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸೇರಿ ಜಟಾಯು ಕೇಂದ್ರ ಕಟ್ಟಿದವು. ಕೇಂದ್ರ ಮೃಗಾಲಯ ಪ್ರಾಧಿಕಾರದ ನೆರವಿನಿಂದ ಕೆಲವು ಮೃಗಾಲಯಗಳಲ್ಲೂ ಇಂಥ ಕೇಂದ್ರಗಳು ಬಂದವು. ಅದರಲ್ಲೊಂದು ನಮ್ಮ ಹೈದರಾಬಾದಿನ ನೆಹರೂ ಮೃಗಾಲಯದಲ್ಲಿದೆ. ರಜೆಯಲ್ಲಿ ಮಕ್ಕಳಿಗೆ ಬಿಳಿ ಹುಲಿ ತೋರಿಸಲು ಹೋಗುವ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ರಣಹದ್ದಿನ ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದಕ್ಕೆ ಎರಡು ತಿಂಗಳ ಹತ್ತಿರ ಕಾವು, ಆಮೇಲೆ ಮರಿ ಗೂಡು ಬಿಡಲು ಮೂರು-ನಾಲ್ಕು ತಿಂಗಳು, ಮರಿ ದೊಡ್ಡದಾಗಿ ತಾನೇ ಸಂಸಾರ ಹೂಡಲು ಐದಾರು ವರ್ಷ. ಇಷ್ಟು ಕಾದು ಸಾಕಿದ ಮರಿಯನ್ನು ಬಯಲಿಗೆ ಬಿಡುವ ದಿನ ಅದರ ರೆಕ್ಕೆ ಗಟ್ಟಿಯಿರಬೇಕು. ರಣಹದ್ದು ರೆಕ್ಕೆ ಬಡಿದು ದಣಿಯುವ ಹಕ್ಕಿಯಲ್ಲ. ಬಿಸಿಗಾಳಿಯ ಮೇಲೆ ರೆಕ್ಕೆ ಹರಡಿ ಗಂಟೆಗಟ್ಟಲೆ ತೇಲುವ ಹಕ್ಕಿ. ತುದಿಯ ಗರಿಗಳು ಅರ್ಧ ಮುರಿದಿದ್ದರೆ ತೇಲಾಟ ಸಾಗದು, ಆಹಾರ ಸಿಗದು. ಅದೂ ಅಲ್ಲದೆ ಇಷ್ಟು ದೊಡ್ಡ ಹಕ್ಕಿ ಎಲ್ಲ ಹಾರುಗರಿಗಳನ್ನು ಬದಲಿಸಿ ಮುಗಿಸಲು ಒಂದು ವರ್ಷ ಸಾಲದು. ಗೂಡಿನಲ್ಲಿ ಬಿದ್ದ ಗೆರೆಯನ್ನು ಅದು ವರ್ಷಗಟ್ಟಲೆ ಹೊತ್ತುಕೊಂಡೇ ತಿರುಗಬೇಕು.

ಆದ್ದರಿಂದಲೇ ಈ ಕೇಂದ್ರಗಳ ಜಾಣತನ ಇರುವುದು ದೂರ ನಿಲ್ಲುವುದರಲ್ಲಿ. ಮರಿಯನ್ನು ಆದಷ್ಟು ತಂದೆ-ತಾಯಿಯೇ ಸಾಕುವಂತೆ ಬಿಡುವುದು, ಮನುಷ್ಯರ ಓಡಾಟ ಕಡಿಮೆ ಮಾಡುವುದು, ಕ್ಯಾಮೆರಾದಲ್ಲಿ ನೋಡುವುದು, ರೆಕ್ಕೆ ಬಿಚ್ಚಿ ಹಾರಲು ವಿಶಾಲ ಪಂಜರ, ಮೈ ತೊಳೆದುಕೊಳ್ಳಲು ನೀರು. ಮೀಯುವುದು, ಗರಿ ತೀಡಿಕೊಳ್ಳುವುದು ಹಕ್ಕಿಗೆ ಶೋಕಿಯಲ್ಲ, ಕೊಬ್ಬು-ಕೊಳೆ ಅಂಟಿದ ಗರಿ ಬೇಗ ಹಾಳಾಗುತ್ತದೆ. ಅಮೆರಿಕದಲ್ಲಿ 1987ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೈತ್ಯ ರಣಹದ್ದು ಬರೀ 27 ಉಳಿದಾಗ ಎಲ್ಲವನ್ನೂ ಹಿಡಿದು ಸಾಕಿದರು. ಮರಿಗಳಿಗೆ ಉಣಿಸಲು ಕಾಂಡೋರ್ ತಲೆಯ ಆಕಾರದ ಕೈಗೊಂಬೆ ಬಳಸಿದರು. ಉಣಿಸುವ ಕೈಯನ್ನು ಕಂಡ ಮರಿ ಮನುಷ್ಯರನ್ನೇ ತನ್ನ ಕುಲ ಎಂದು ತಿಳಿದುಬಿಡುತ್ತದೆ ಎಂಬ ಭಯ ಅವರಿಗೆ.

ಪಿಂಜೋರ್‌ನಿಂದ 2020ರ ಅಕ್ಟೋಬರ್‌ನಲ್ಲಿ ಎಂಟು ಬಿಳಿ ಬೆನ್ನಿನ ರಣಹದ್ದುಗಳು ಬಯಲಿಗೆ ಹಾರಿದವು. ನಮ್ಮ ನಾಡಿನಲ್ಲಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಲಾಗಿದೆ, ‘ಶೋಲೆ’ ಚಿತ್ರದ ಅದೇ ಬಂಡೆಗಳು. ತೆಲಂಗಾಣದಲ್ಲಿ ಆಸಿಫಾಬಾದ್ ಜಿಲ್ಲೆಯ ಬೆಜ್ಜೂರು ಕಾಡಿನ ಪಾಲರಾಪು ಬಂಡೆಯಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡಿದ್ದು ಕಂಡುಬಂದಿತ್ತು. ಎರಡೂ ರಾಜ್ಯಗಳ ನಂಟಿರುವ ನಮ್ಮಂಥವರಿಗೆ ಈ ಎರಡು ಬಂಡೆಗಳೂ ನಮ್ಮವೇ.

ಎಲುಬಿಲ್ಲದ ಊಟ

ಮತ್ತೆ ಶೆಡ್ಡಿಗೆ ಬರೋಣ. “ದಿನಾ ಕೋಳಿ ಖಂಡ ಹಾಕೇನ್ರಿ” ಎಂದಿದ್ದನಲ್ಲ ಹುಡುಗ, ಅದೂ ಬೋನ್‌ಲೆಸ್. ತಾನು ವಾರಕ್ಕೊಮ್ಮೆ ಕೋಳಿ ತಿನ್ನುವವನು ಮರಿಗೆ ದುಬಾರಿ ತುಂಡೇ ಹಾಕಿದ್ದ. ಎಲುಬು ಗಂಟಲಿಗೆ ಚುಚ್ಚೀತು ಎಂಬ ಕಾಳಜಿ.

ಅಲ್ಲೇ ಎರಡನೆಯ ತಪ್ಪು. ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಬಹಳ ಕಡಿಮೆ. ಕಾಡಿನ ಹದ್ದು ಮರಿಗೆ ಇಲಿ, ಕಪ್ಪೆ, ಓತಿಕ್ಯಾತಗಳನ್ನು ಎಲುಬು-ಚರ್ಮ ಸಮೇತ ತಂದು ಹಾಕುತ್ತದೆ. ಎಲುಬಿಲ್ಲದೆ ಬೆಳೆದ ಮರಿಯ ಕಾಲು ಸೊಟ್ಟಗಾಗುತ್ತದೆ, ರೆಕ್ಕೆಯ ಮೂಳೆ ಬಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1970ರ ದಶಕದಲ್ಲಿ ಗೂಡಿನಲ್ಲೇ ಇದ್ದ ಕೇಪ್ ರಣಹದ್ದಿನ ಮರಿಗಳ ರೆಕ್ಕೆ ಮುರಿದಿರುವುದು ಕಂಡುಬಂತು. ಹುಡುಕಿದಾಗ ಕಾರಣ ಸಿಕ್ಕಿದ್ದು ಕತ್ತೆಕಿರುಬದಲ್ಲಿ. ದನ-ಕುರಿ ಸಾಕಣೆಯ ಪ್ರದೇಶಗಳಲ್ಲಿ ಕತ್ತೆಕಿರುಬಗಳು ಇಲ್ಲವಾಗಿದ್ದವು, ಹೀಗಾಗಿ ಸತ್ತ ಪ್ರಾಣಿಯ ದೊಡ್ಡ ಎಲುಬನ್ನು ಜಗಿದು ಚೂರು ಮಾಡುವವರಿರಲಿಲ್ಲ. ಚೂರು ಸಿಗದ ತಾಯಿ ರಣಹದ್ದು ಮರಿಗೆ ಬರೀ ಮಾಂಸ ಕೊಡುತ್ತಿತ್ತು. ಆಮೇಲೆ ಅಲ್ಲಿಯ ಜನ ಎಲುಬನ್ನು ಒಡೆದು ಇಡತೊಡಗಿದರು.

ನಮ್ಮ ಮರಿಯ ಅದೃಷ್ಟ, ಕಾಲು ಹೆಚ್ಚು ಕೆಟ್ಟಿರಲಿಲ್ಲ.

ಗರಿಗೂ ಕಸಿ

ಮರುದಿನ ಹಕ್ಕಿಯನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟು ರಕ್ಷಣಾ ಕೇಂದ್ರವೊಂದಕ್ಕೆ ಒಯ್ದೆವು. ಹುಡುಗ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದ. ತನ್ನನ್ನು ಹಿಡಿದುಕೊಳ್ಳುತ್ತಾರೆ ಎಂದು ಹೆದರಿದ್ದ. ಅಲ್ಲಿಯ ವೈದ್ಯರು ಗದರಲಿಲ್ಲ, ತಾಳ್ಮೆಯಿಂದ ತೋರಿಸಿ ಹೇಳಿದರು.

ಮುರಿದ ಗರಿಗೆ ಕಸಿ ಮಾಡುವ ವಿದ್ಯೆಯಿದೆ. ಯುರೋಪಿನ ದೊರೆ ಎರಡನೆಯ ಫ್ರೆಡರಿಕ್ 13ನೇ ಶತಮಾನದಲ್ಲಿ ಡೇಗೆಗಳ ಮೇಲೆ ಬರೆದ ಗ್ರಂಥದಲ್ಲಿ ಇದರ ವಿವರ ಇದೆ. ಮುರಿದ ಗರಿಯ ಕಾಂಡವನ್ನು ಬುಡದ ಹತ್ತಿರ ಸಾಪಾಗಿ ಕತ್ತರಿಸುತ್ತಾರೆ. ಅದು ಟೊಳ್ಳು. ಅದರೊಳಗೆ ಬಿದಿರಿನ ಅಥವಾ ಲೋಹದ ಸೂಜಿ ಕೂರಿಸಿ, ಇನ್ನೊಂದು ತುದಿಗೆ ಅದೇ ಜಾತಿಯ ಹಕ್ಕಿ ಉದುರಿಸಿದ ಅದೇ ಜಾಗದ ಗರಿಯನ್ನು ಸಿಕ್ಕಿಸಿ ಅಂಟು ಹಾಕುತ್ತಾರೆ. ನೋವಾಗುವುದಿಲ್ಲ, ಗರಿಗೆ ಜೀವವಿಲ್ಲವಲ್ಲ. ಎಡ ರೆಕ್ಕೆಯ ಮೂರನೆಯ ಗರಿಗೆ ಎಡ ರೆಕ್ಕೆಯ ಮೂರನೆಯ ಗರಿಯೇ ಬೇಕು. ಅದಕ್ಕೇ ಕೆಲವೆಡೆ ಉದುರಿದ ಗರಿಗಳನ್ನು ಅಂಕಿ ಹಾಕಿ ಜೋಡಿಸಿಡುತ್ತಾರೆ. ಲೇತ್ ಹುಡುಗನಿಗೆ ಇದು ಥಟ್ಟನೆ ಹತ್ತಿತು. “ಶಾಫ್ಟಿಗೆ ಪಿನ್ನು ಕೂಡಿಸಿದಂಗ,” ಎಂದ.

ಆದರೆ ಈ ಮರಿಗೆ ಬಾಲವೂ ರೆಕ್ಕೆಯೂ ಕೆಟ್ಟಿದ್ದರಿಂದ ಕಸಿಗಿಂತ ಕಾಯುವುದೇ ಮೇಲು ಎಂದರು. ಉಳಿದ ಗರಿ ಮುರಿಯದಂತೆ ಬಾಲಕ್ಕೆ ಹಳೆಯ ಎಕ್ಸ್‌ರೇ ಹಾಳೆಯ ಚೀಲ ತೊಡಿಸಿದರು. ಮೊದಲ ದಿನ ಸರಿಯಾದ ಊಟ ಸಿಕ್ಕಿದ್ದರೆ, ಅಥವಾ ಗೂಡಿಗೇ ಮರಳಿದ್ದರೆ, ಏಪ್ರಿಲ್‌ನಲ್ಲಿ ಹಾರಿ ಹೋಗಬೇಕಾದ ಹಕ್ಕಿ ಇದು. ಇನ್ನು ವರ್ಷ ಪಂಜರದಲ್ಲಿ ಇರಬೇಕು.

ಮರಿ ಸಿಕ್ಕರೆ

ನಮ್ಮ ನಗರಗಳಲ್ಲಿ ಜನವರಿಯಿಂದ ಏಪ್ರಿಲ್ ತನಕ ಹದ್ದಿನ ಮರಿಗಳ ಕಾಲ. ನಿಮ್ಮ ಅಪಾರ್ಟ್‌ಮೆಂಟಿನ ತಾರಸಿಗೂ ಒಂದು ಬೀಳಬಹುದು. ಹಾಗಾದಾಗ ನೆನಪಿಡಬೇಕಾದದ್ದು ಹೆಚ್ಚೇನಿಲ್ಲ.

ಗರಿ ಪೂರ್ತಿ ಬಂದು, ಗಾಯವಿಲ್ಲದೆ, ಗೋಡೆಯ ಮೇಲೆ ಪೆದ್ದುಪೆದ್ದಾಗಿ ಕೂತ ಮರಿ ಹಾರಲು ಕಲಿಯುತ್ತಿದೆ. ತಂದೆ-ತಾಯಿ ಹತ್ತಿರದಲ್ಲೇ ಇರುತ್ತವೆ. ನಾಯಿ-ಬೆಕ್ಕು ಬರದಂತೆ ನೋಡಿಕೊಂಡು ಬಿಟ್ಟುಬಿಡಿ. ತುಪ್ಪಳದ ಮರಿಯಾದರೆ, ಗಾಯವಿಲ್ಲದಿದ್ದರೆ, ಗೂಡಿಗೇ ಮರಳಿಸುವುದು ಒಳ್ಳೆಯದು. ಗೂಡು ಸಿಗದ ಎತ್ತರದಲ್ಲಿದ್ದರೆ ತೂತಿರುವ ಬುಟ್ಟಿಯಲ್ಲಿ ಒಣ ಕಡ್ಡಿ ಹಾಕಿ ಅದೇ ಮರಕ್ಕೆ ಕಟ್ಟಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಬರೀ ನಂಬಿಕೆ. ಗಾಯವಾಗಿದ್ದರೆ ಗಾಳಿಯಾಡುವ ಕತ್ತಲ ರಟ್ಟಿನ ಡಬ್ಬಿ ಸಾಕು. ಹಾಲು, ಬ್ರೆಡ್ಡು, ಅನ್ನ ಯಾವುದೂ ಬೇಡ, ಬಾಯಿಗೆ ನೀರು ಸುರಿಯುವುದೂ ಬೇಡ. ತಂತಿ ಗೂಡಂತೂ ಬೇಡವೇ ಬೇಡ. ಅಂದೇ ಅರಣ್ಯ ಇಲಾಖೆಗೋ ಪಕ್ಷಿ ರಕ್ಷಕರಿಗೋ ತಿಳಿಸಿ. ‘ಎರಡು ದಿನ ನೋಡೋಣ’ ಎಂಬ ನಮ್ಮ ಎರಡು ದಿನ ಅದರ ಗರಿಯ ಮೇಲೆ ಒಂದು ವರ್ಷ ಉಳಿಯುತ್ತದೆ.

ಮುಂದಿನ ವರ್ಷ, ಮತ್ತೆ ಅದೇ ಗಾಳಿಯ ದಿನಗಳಲ್ಲಿ ಹುಡುಗ ಫೋನು ಮಾಡಿದ. ಅದೇ ಮರ, ಇನ್ನೊಂದು ಮರಿ. ನಾನು ಹೋಗುವಷ್ಟರಲ್ಲಿ ಅವನು ಮಾರ್ಕೆಟ್ಟಿನಿಂದ ಟೊಮೆಟೊ ಬುಟ್ಟಿ ತಂದು, ಕಡ್ಡಿ ತುಂಬಿ, ಏಣಿ ಹಾಕಿ ಮರದ ಕವಲಿಗೆ ಕಟ್ಟಿಬಿಟ್ಟಿದ್ದ. ಶೆಡ್ಡಿನ ಹುಡುಗರೆಲ್ಲ ಯಂತ್ರ ನಿಲ್ಲಿಸಿ ದೂರ ನಿಂತಿದ್ದರು. ಸಂಜೆ ಐದರ ಸುಮಾರಿಗೆ ದೊಡ್ಡ ಹದ್ದು ಎರಡು ಸುತ್ತು ಹಾಕಿ ಬುಟ್ಟಿಯ ಅಂಚಿಗೆ ಇಳಿಯಿತು. ಕಾಲಲ್ಲಿ ಒಂದು ಇಲಿ.

“ಎಲುಬ್ ಸಮೇತ ರಿ,” ಎಂದ ಹುಡುಗ.

ಹಳೆಯ ಮರಿಯ ಬಗ್ಗೆ ಆಗಲೇ ವಿಚಾರಿಸಿದ್ದೆವು. ಗರಿ ಉದುರಲು ಶುರುವಾಗಿದೆ, ಹೊಸ ಬಾಲದ ಗರಿಗಳಲ್ಲಿ ಗೆರೆಯಿಲ್ಲ, ದೊಡ್ಡ ಪಂಜರಕ್ಕೆ ಬದಲಿಸಿದ್ದೇವೆ ಎಂದಿದ್ದರು. ಹುಡುಗನ ಹೆಬ್ಬೆರಳಿನ ಗೆರೆಯೂ ಅಷ್ಟರಲ್ಲಿ ಬೆಳೆದು ಹೋಗಿತ್ತು. ಆ ಸಲ ದೀಪಾವಳಿಗೆ ಅವನು ಊರಿಗೆ ಹೋಗಿ ಬಂದಿದ್ದ.